ಸೀಮಂತಕ್ಕೂ ಮುನ್ನಿನ ಆರೈಕೆ

ಗರ್ಭಿಣಿಯಾದ ಹೆಣ್ಣುಮಗಳಿಗೆ ಬಯಕೆಯ ಊಟವನ್ನಿಕ್ಕಿ, ಹಸಿರು ಬಳೆ ತೊಡಿಸಿ, ಸೀಮಂತವನ್ನಾಚರಿಸುವ ನಮ್ಮ ಮನೆಗಳ ವಾತ್ಸಲ್ಯವು ನಿಸ್ಸಂದೇಹವಾಗಿ ಆದರಣೀಯವಾದುದು. ಆದರೆ ಆ ವಾತ್ಸಲ್ಯವು ಗರ್ಭಧಾರಣೆಗೆ ಮೊದಲೇ ಎಚ್ಚೆತ್ತಿರಬೇಕೆಂಬುದನ್ನು ನಾವು ಮರೆತಿರುವೆವೇನೋ ಎಂದು ನನಗೆ ಅನೇಕ ವೇಳೆ ಅನಿಸಿದೆ.

ಶಿಶುವಿನ ಮೆದುಳು, ಬೆನ್ನುಹುರಿಗಳಿಗೆ ಮೂಲವಾದ ನರನಾಳವು ಗರ್ಭಾಂಕುರವಾದ ಸುಮಾರು 28 ದಿನಗಳೊಳಗಾಗಿ, ಎಂದರೆ ತಾನು ಗರ್ಭವತಿಯೆಂಬ ಅರಿವು ತಾಯಿಗೆ ಮೂಡುವುದಕ್ಕೆ ಎಷ್ಟೋ ಸಲ ಮುನ್ನವೇ, ಮುಚ್ಚಿಕೊಳ್ಳುತ್ತದೆ. ಆದುದರಿಂದಲೇ ಅದರ ದೋಷಗಳನ್ನು ಬಹುಮಟ್ಟಿಗೆ ತಡೆಯಬಲ್ಲ ಫೋಲಿಕ್ ಆಮ್ಲವನ್ನು ದಿನಕ್ಕೆ 400 ಮೈಕ್ರೊಗ್ರಾಮಿನಂತೆ, ಗರ್ಭಧಾರಣೆಗೆ ಒಂದು ತಿಂಗಳಾದರೂ ಮೊದಲಿನಿಂದ ಸೇವಿಸಬೇಕೆಂದು ವೈದ್ಯರು ವಿಧಿಸುತ್ತಾರೆ. ಗರ್ಭಿಣಿಯಲ್ಲದ ಹೆಣ್ಣಿನಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಮಿಗಿಂತ ಕೆಳಗಿಳಿದರೆ ಅದು ರಕ್ತಹೀನತೆ. ಅದನ್ನೂ, ಥೈರಾಯ್ಡ್ ಮತ್ತು ಮಧುಮೇಹಗಳನ್ನೂ ಮೊದಲೇ ಪರೀಕ್ಷಿಸಿ ಹತೋಟಿಗೆ ತಂದುಕೊಳ್ಳುವುದು, ರುಬೆಲ್ಲಾ ಲಸಿಕೆ ಅಗತ್ಯವಾದಲ್ಲಿ ಪಡೆದು ಬಳಿಕ ಒಂದು ತಿಂಗಳು ಕಾಯುವುದು ವಿವೇಕ.

ಮುಟ್ಟಿನ ಏರುಪೇರು, ಅತಿಸ್ರಾವ, ದುರ್ಗಂಧಯುಕ್ತ ಬಿಳಿಸೆರಗು, ತಾಳಲಾರದ ಕಿಬ್ಬೊಟ್ಟೆಯ ನೋವು, ಇವೆಲ್ಲವನ್ನೂ ಹಣೆಬರಹವೆಂದು ನುಂಗಿಕೊಂಡ ಎಷ್ಟೋ ತಾಯಂದಿರ ಮೌನವನ್ನು ಅವರ ಹೆಣ್ಣುಮಕ್ಕಳಾದರೂ ಮುರಿದು, ಸಂಕೋಚವನ್ನು ತೊರೆದು ವೈದ್ಯರಲ್ಲಿ ನಿವೇದಿಸಿಕೊಳ್ಳಬೇಕು. ಪತಿಯಾದವನು ತಂಬಾಕು, ಮದ್ಯಗಳನ್ನು ತ್ಯಜಿಸಿ ತಾನೂ ಪರೀಕ್ಷೆಗೆ ಜೊತೆಯಾಗಿ ನಡೆದಾಗ ಆಕೆಯ ಅಳುಕು ಅರ್ಧ ಕರಗುವುದು.

ಬರಲಿರುವ ಕಂದನಿಗೆ ತೊಟ್ಟಿಲನ್ನು ಅಣಿಗೊಳಿಸುವ ಮನೆಯು, ಆ ಕಂದನನ್ನು ಹೊರಲಿರುವ ಜೀವವನ್ನು ಮೊದಲು ಅಕ್ಕರೆಯಿಂದ ವಿಚಾರಿಸಿಕೊಳ್ಳಲಿ.