ಶನಿವಾರ ಸಂಜೆಯ ಪಾಠ

ಭಾನುವಾರ ಬೆಳಗ್ಗೆ ಊರು ಸ್ವಲ್ಪ ತಡವಾಗಿ ಏಳುತ್ತದೆ. ಅಷ್ಟು ಹೊತ್ತಿಗಾಗಲೇ ನಮ್ಮ ಕರಾವಳಿಯ ಕ್ರೈಸ್ತ ದೇವಾಲಯಗಳ ಪಕ್ಕದ ಹೆಂಚಿನ ಮಾಡಿನ ಕೊಠಡಿಗಳಲ್ಲಿ ಹತ್ತಿಪ್ಪತ್ತು ಮಕ್ಕಳು ಚಾಪೆಯ ಮೇಲೆ ಕುಳಿತು ಹಾಡುತ್ತಿರುತ್ತಾರೆ. ಅವರ ಮುಂದೆ ಬ್ಯಾಂಕಿನ ಗುಮಾಸ್ತರೊಬ್ಬರೋ, ಹೊಲಿಗೆ ಕಲಿಯುತ್ತಿರುವ ತರುಣಿಯೋ ಪಾಠದ ಪುಸ್ತಕ ಹಿಡಿದು ನಿಂತಿರುತ್ತಾರೆ. ಇದು ಸಂಡೇ ಸ್ಕೂಲು. ಇಲ್ಲಿ ಕಲಿಸುವವರಿಗೆ ಸಂಬಳವಿಲ್ಲ, ಬಡ್ತಿಯಿಲ್ಲ. ನಿವೃತ್ತಿವೇತನದ ಮಾತಂತೂ ಇಲ್ಲವೇ ಇಲ್ಲ. ಇಂಥ ಒಂದು ಶಾಲೆಯ ಮೇಲ್ವಿಚಾರಣೆಯನ್ನು ನಾನು 22 ವರ್ಷ ನೋಡಿಕೊಂಡೆ. ಆ ಅವಧಿಯಲ್ಲಿ ನನ್ನಿಂದಾದ ಒಂದು ತಪ್ಪನ್ನೂ, ಆ ತಪ್ಪಿನಿಂದ ನಾನು ಕಲಿತುದನ್ನೂ ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಈ ಶಾಲೆಯ ಕಥೆ ಹಳೆಯದು. 1780ರ ಸುಮಾರಿಗೆ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕಾ ಮುದ್ರಕನಿದ್ದ. ಗುಂಡುಸೂಜಿ ತಯಾರಿಕೆ ಆ ಊರಿನ ದೊಡ್ಡ ಕಸುಬು. ವಾರದ ಆರು ದಿನ ದುಡಿದು ಏಳನೆಯ ದಿನ ಬೀದಿಯಲ್ಲಿ ಅಲೆಯುತ್ತಿದ್ದ ಬಡಮಕ್ಕಳಿಗೆ ಅಕ್ಷರ ಕಲಿಸುವ ಏರ್ಪಾಟನ್ನು ಆತ ಮಾಡಿದ. 1783ರಲ್ಲಿ ತನ್ನ ಪತ್ರಿಕೆಯಲ್ಲಿ ಅದರ ವಿವರ ಪ್ರಕಟಿಸಿದ ಮೇಲೆ ಇಂಥ ಶಾಲೆಗಳು ದೇಶದ ಉದ್ದಗಲಕ್ಕೂ ಹಬ್ಬಿದವು. ನಮ್ಮ ದೇಶದಲ್ಲಿಯೂ 1876ರಲ್ಲಿ ಅಲಹಾಬಾದಿನಲ್ಲಿ ಸಂಡೇ ಸ್ಕೂಲುಗಳ ಒಕ್ಕೂಟವೊಂದು ಹುಟ್ಟಿಕೊಂಡಿತು.

ಈ ಚರಿತ್ರೆಯಲ್ಲಿ ಒಂದು ಸಣ್ಣ ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ರೇಕ್ಸ್ ನೇಮಿಸಿದ ಮೊದಲ ಶಿಕ್ಷಕಿಯರಿಗೆ ಭಾನುವಾರಕ್ಕೆ ಒಂದು ಶಿಲಿಂಗ್ ಕೂಲಿ ಸಲ್ಲುತ್ತಿತ್ತು. ಶಾಲೆಗಳು ಹೆಚ್ಚಿದಂತೆ ಕೂಲಿ ನಿಂತು ಸ್ವಯಂಸೇವಕರು ಬಂದರು. ಇದು ದೊಡ್ಡ ತ್ಯಾಗವೇ ಸರಿ. ಆದರೆ ಕೂಲಿ ಕೊಡುವವನು ಕೆಲಸವನ್ನು ವಿಚಾರಿಸುತ್ತಾನೆ. ಪುಕ್ಕಟೆ ದುಡಿಮೆಯನ್ನು ವಿಚಾರಿಸುವವರು ಯಾರು? ನನ್ನ ತಪ್ಪು ಇದ್ದುದೂ ಇಲ್ಲಿಯೇ.

ಒಂದು ಜೂನ್ ತಿಂಗಳಲ್ಲಿ ನಮ್ಮ ಎರಡನೆಯ ತರಗತಿಯ ಶಿಕ್ಷಕರಿಗೆ ಬೇರೆ ಊರಿಗೆ ವರ್ಗವಾಯಿತು. ಆರಾಧನೆ ಮುಗಿಸಿ ಹೊರಬರುತ್ತಿದ್ದ 20 ವರ್ಷದ ಹುಡುಗಿಯೊಬ್ಬಳನ್ನು ತಡೆದು ನಿಲ್ಲಿಸಿ, ಅವಳ ಕೈಗೆ ಪಾಠದ ಪುಸ್ತಕವನ್ನೂ ಹಾಜರಿ ಪುಸ್ತಕವನ್ನೂ ಕೊಟ್ಟು, "ಮುಂದಿನ ವಾರದಿಂದ ಈ ತರಗತಿ ನಿನ್ನದು" ಎಂದೆ.

"ನನ್ನಿಂದ ಆಗುತ್ತದೋ ಇಲ್ಲವೋ, ಮಾಸ್ಟ್ರೇ" ಎಂದಳು ಅವಳು.

"ದೇವರು ನಡೆಸುತ್ತಾನೆ" ಎಂದೆ ನಾನು. ಹೊಣೆಯನ್ನು ಇಷ್ಟು ಸುಲಭವಾಗಿ ದೇವರ ಮೇಲೆ ಹೊರಿಸಿದ ಮೇಲೆ ನಾನು ಆ ತರಗತಿಯ ಬಾಗಿಲಿಗೂ ಹೋಗಲಿಲ್ಲ. ಗದ್ದಲ ಕೇಳಿಸದ ತರಗತಿ ಚೆನ್ನಾಗಿ ನಡೆಯುತ್ತಿದೆಯೆಂದೇ ನಾವು ತಿಳಿಯುತ್ತೇವಲ್ಲವೆ?

ಸೆಪ್ಟೆಂಬರಿನಲ್ಲಿ ಅವಳು ಮೂರು ವಾರ ಬರಲಿಲ್ಲ. ಹೆಸರಿನ ಮುಂದೆ ಗೈರುಹಾಜರು ಎಂದು ಬರೆದು, ಅವಳ ಮಕ್ಕಳನ್ನು ಮೂರನೆಯ ತರಗತಿಯೊಡನೆ ಕೂರಿಸಿದೆ. ನಾಲ್ಕನೆಯ ವಾರ ಅವಳ ಮನೆಗೆ ಹೋದೆ. ಜಗುಲಿಯಲ್ಲಿ ಮಡಿಲ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ತಾಯಿ, "ಏನೂ ಹೇಳುವುದಿಲ್ಲ, ನೀವೇ ಕೇಳಿ" ಎಂದರು.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದು ಕಡೆಗೆ ಹೇಳಿದಳು. ಆ ಭಾನುವಾರದ ಪಾಠ ಯಾಯೀರನ ಮಗಳದು. 12 ವರ್ಷದ ಸತ್ತ ಹುಡುಗಿಯನ್ನು ಯೇಸು ಕೈಹಿಡಿದು ಎಬ್ಬಿಸಿದ ಕಥೆ. ಕಥೆ ಮುಗಿಯುತ್ತಿದ್ದಂತೆ ಹಿಂದಿನ ಸಾಲಿನಿಂದ 8 ವರ್ಷದ ಹುಡುಗನೊಬ್ಬ ಎದ್ದುನಿಂತು, "ಟೀಚರ್, ನನ್ನ ತಂಗಿಯನ್ನು ಯಾಕೆ ಎಬ್ಬಿಸಲಿಲ್ಲ?" ಎಂದು ಕೇಳಿದ್ದ.

"ನನಗೆ ಏನು ಹೇಳಬೇಕೆಂದೇ ತೋಚಲಿಲ್ಲ, ಮಾಸ್ಟ್ರೇ. ಪುಸ್ತಕದ ಕೊನೆಯಲ್ಲಿದ್ದ ಮಾತು ಬಾಯಿಗೆ ಬಂತು. ನಂಬಿಕೆಯಿಂದ ಕೇಳಿದರೆ ದೇವರು ಕೊಡುತ್ತಾನೆ ಎಂದುಬಿಟ್ಟೆ. ಅವನು, ‘ನಾನೂ ಕೇಳಿದ್ದೆ’ ಎಂದ. ಆಮೇಲೆ ಅವನೂ ಬರಲಿಲ್ಲ. ನಾನು ಯಾವ ಮುಖ ಇಟ್ಟುಕೊಂಡು ಬರಲಿ?"

ಆ ಮಗು ಜುಲೈ ತಿಂಗಳಲ್ಲಿ ಜ್ವರದಿಂದ ತೀರಿಕೊಂಡಿತ್ತು. ಸುರಿಯುವ ಮಳೆಯಲ್ಲಿ ಅದನ್ನು ಮಣ್ಣು ಮಾಡುವಾಗ ಸಭೆಯವರೆಲ್ಲ ಇದ್ದರು. ನಾನೂ ಕೊಡೆ ಹಿಡಿದು ನಿಂತಿದ್ದೆ. ಯಾವ ಭಾನುವಾರ ಯಾವ ಪಾಠ ಎಂಬ ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿದವನೂ ನಾನೇ. ಎರಡನ್ನೂ ಬಲ್ಲ ನಾನು ಒಂದು ದಿನ ಮೊದಲು ಅವಳೊಡನೆ ಎರಡು ಮಾತು ಆಡಿದ್ದರೆ ಸಾಕಾಗಿತ್ತು. 20 ವರ್ಷದ ಹುಡುಗಿಯನ್ನು ಆ ಪ್ರಶ್ನೆಯ ಎದುರಿಗೆ ಒಂಟಿಯಾಗಿ ನಿಲ್ಲಿಸಿದವನು ನಾನು.

ಮರುವಾರ ಶನಿವಾರ ಸಂಜೆ ಇಬ್ಬರೂ ಆ ಹುಡುಗನ ಮನೆಗೆ ಹೊರಟೆವು. ದಾರಿಯಲ್ಲಿ ಅವಳು, "ಅವನಿಗೆ ಏನೆಂದು ಹೇಳುವುದು?" ಎಂದು ಕೇಳಿದಳು. "ನನಗೂ ತಿಳಿಯದಮ್ಮ" ಎಂದೆ. ನಾನು ಅವಳಿಗೆ ಹೇಳಿದ ಮೊದಲನೆಯ ಪ್ರಾಮಾಣಿಕವಾದ ಮಾತು ಅದೇ ಇರಬೇಕು. ಅವಳು ಹುಡುಗನ ಪಕ್ಕದಲ್ಲಿ ಕುಳಿತು ಹೇಳಿದಳು: "ನಾನು ಅವತ್ತು ಹೇಳಿದ್ದು ತಪ್ಪು. ನಿನ್ನ ಪ್ರಾರ್ಥನೆಯಲ್ಲಿ ಏನೂ ಕೊರತೆ ಇರಲಿಲ್ಲ. ಹೀಗೆ ಯಾಕಾಯಿತೋ ನನಗೂ ಗೊತ್ತಿಲ್ಲ. ಲಾಜರ ಸತ್ತಾಗ ಯೇಸುವೂ ಅತ್ತ ಎಂಬುದು ಮಾತ್ರ ಗೊತ್ತು." ಹುಡುಗ ಏನೂ ಹೇಳಲಿಲ್ಲ. ನಾವು ಎದ್ದು ಹೊರಟಾಗ ಅಂಗಳದ ತುದಿಯವರೆಗೂ ನಮ್ಮ ಜೊತೆಯಲ್ಲಿ ಬಂದ. ಎರಡು ವಾರ ಕಳೆದು ತರಗತಿಗೂ ಬಂದ. ಬಾಗಿಲ ಪಕ್ಕದಲ್ಲಿಯೇ ಕುಳಿತ.

ಅಂದಿನಿಂದ ನಮ್ಮಲ್ಲಿ ಶನಿವಾರ ಸಂಜೆಯ ಕೂಟ ಪ್ರಾರಂಭವಾಯಿತು. ಚಹಾ, ಗೋಳಿಬಜೆ, ಒಂದು ಗಂಟೆಯ ಮಾತುಕತೆ. ಮರುದಿನದ ಕಥೆಯನ್ನು ಒಬ್ಬರು ಪುಸ್ತಕ ಮುಚ್ಚಿಟ್ಟು ಉಳಿದವರಿಗೆ ಹೇಳಬೇಕು. ಯಾವ ಮಗುವಿನ ಮನೆಯಲ್ಲಿ ಕಾಯಿಲೆಯಿದೆ, ಯಾರ ತಂದೆ ಕೆಲಸ ಕಳೆದುಕೊಂಡಿದ್ದಾರೆ, ಯಾರು ನಾಲ್ಕು ವಾರದಿಂದ ಬಂದಿಲ್ಲ ಎಂಬುದನ್ನು ಮಾತನಾಡಿಕೊಳ್ಳಬೇಕು. ಉತ್ತರ ತಿಳಿಯದ ಪ್ರಶ್ನೆಗೆ "ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ" ಎನ್ನುವ ಸ್ವಾತಂತ್ರ್ಯ ಎಲ್ಲರಿಗೂ ಉಂಟು. ಪ್ರತಿ ತರಗತಿಗೆ ಇಬ್ಬರು ಶಿಕ್ಷಕರಾದರು. ಹೊಸಬರು ಮೊದಲ ಮೂರು ತಿಂಗಳು ಹಳಬರ ಪಕ್ಕದಲ್ಲಿ ಕುಳಿತು ನೋಡಿದರೆ ಸಾಕು. ನಮ್ಮಲ್ಲಿ ತರಗತಿಯೂ ದೊಡ್ಡವರ ಆರಾಧನೆಯೂ ಒಂದೇ ಹೊತ್ತಿಗೆ ನಡೆಯುತ್ತಿದ್ದುದರಿಂದ, ಮಕ್ಕಳಿಗೆ ದೇವರ ಮಾತು ಹೇಳುವವರು ತಾವೇ ಅದನ್ನು ಕೇಳಲಾಗದೆ ವರ್ಷಗಟ್ಟಲೆ ಇದ್ದುಬಿಟ್ಟಿದ್ದರು. ಇಬ್ಬರಾದ ಮೇಲೆ ಸರದಿಯಂತೆ ಒಬ್ಬರು ಆರಾಧನೆಗೆ ಹೋಗುವುದು ಸಾಧ್ಯವಾಯಿತು. ಸೀಮೆಸುಣ್ಣ, ಬಣ್ಣದ ಪೆನ್ಸಿಲು, ಚಿತ್ರಪಟಗಳಿಗೆ ಶಿಕ್ಷಕರು ತಮ್ಮ ಕೈಯಿಂದಲೇ ಹಣ ಹಾಕುತ್ತಿದ್ದುದು ನನಗೆ ತಿಳಿದದ್ದೂ ಆ ಕೂಟದಲ್ಲಿಯೇ. ಆ ಖರ್ಚನ್ನು ಸಭೆಯ ಲೆಕ್ಕಕ್ಕೆ ಸೇರಿಸಿದೆವು.

"ಸೇವೆ ಎಂದ ಮೇಲೆ ಇಷ್ಟೆಲ್ಲ ಉಪಚಾರ ಯಾತಕ್ಕೆ?" ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ದೀಪಕ್ಕೆ ಎಣ್ಣೆ ಹಾಕುವುದು ಉಪಚಾರವಲ್ಲ ಎಂದಷ್ಟೇ ಉತ್ತರ ಕೊಟ್ಟೆ.

ಈ ಮಾತು ಸಂಡೇ ಸ್ಕೂಲಿಗೆ ಮಾತ್ರ ಅನ್ವಯಿಸುವುದಲ್ಲ. ಗುಡಿಯ ಪೌಳಿಯಲ್ಲಿ ಭಜನೆ ಹೇಳಿಕೊಡುವವರು, ಕೇರಿಯ ಮಕ್ಕಳನ್ನು ಸಂಜೆ ಕೂಡಿಸಿಕೊಂಡು ಲೆಕ್ಕ ಕಲಿಸುವವರು, ಊರಿನ ವಾಚನಾಲಯದಲ್ಲಿ ಕಥೆ ಓದಿ ಹೇಳುವವರು, ಇವರೆಲ್ಲರೂ ಇದೇ ಬಳಗದವರು. ವರ್ಷಕ್ಕೊಮ್ಮೆ ಹಾರ ಹಾಕಿ ಇವರನ್ನು ಹೊಗಳುವುದು ನಮಗೆ ಅಭ್ಯಾಸವಾಗಿದೆ. ಅವರಿಗೆ ಬೇಕಾದುದು ಹಾರವಲ್ಲ.

ತಮ್ಮ ಮಗುವಿಗೆ ಹೀಗೆ ಕಲಿಸುವವರು ಯಾರಾದರೂ ಮುಂದಿನ ವಾರ ಎದುರಾದರೆ ಒಂದು ನಿಮಿಷ ನಿಂತು, "ಈ ವಾರ ಮಕ್ಕಳು ಏನು ಕೇಳಿದರು?" ಎಂದು ವಿಚಾರಿಸಿ. ಉತ್ತರವನ್ನು ಪೂರ್ತಿಯಾಗಿ ಕೇಳಿ. ನಾನು ಜೂನ್ ತಿಂಗಳಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದು, ಸೆಪ್ಟೆಂಬರಿನಲ್ಲಿ ಕೇಳಿದೆ.