ಹುಡುಗ ಆಟದಲ್ಲಿ ಏನು ಕಾಣುತ್ತಾನೆ?

(ಎಸ್ಟೇಟ್ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಆಡಿದ ಮಾತು)



ಇವತ್ತು ನಾನು ಬೋನಸ್ಸಿನ ಮಾತಾಗಲಿ ಕೂಲಿಯ ಮಾತಾಗಲಿ ಆಡುವುದಿಲ್ಲ. ಮೊಬೈಲಿನಲ್ಲಿ ಆಡುವ ಆಟದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಉಪದೇಶಿಗೆ ಬೇರೆ ವಿಷಯ ಸಿಗಲಿಲ್ಲವೇ ಎಂದು ನಗಬೇಡಿ. ಕಾರಣವಿದೆ.

ಹೋದ ತಿಂಗಳು ನಮ್ಮ ಲೈನಿನಲ್ಲಿ ಒಬ್ಬ ತಂದೆ ರಾತ್ರಿ ಹನ್ನೊಂದು ಗಂಟೆಗೆ ಮಗನ ಕೈಯಿಂದ ಮೊಬೈಲು ಕಿತ್ತುಕೊಂಡು ಗೋಡೆಗೆ ಬಡಿದರು. ಕಂತಿನಲ್ಲಿ ಕೊಂಡ ಮೊಬೈಲು; ಇನ್ನೂ ಐದು ಕಂತು ಬಾಕಿ. ಹುಡುಗ ಒಂಬತ್ತನೆಯ ತರಗತಿ. ಎರಡು ದಿನ ಅವನು ಅಪ್ಪನೊಡನೆ ಮಾತಾಡಲಿಲ್ಲ, ಸರಿಯಾಗಿ ಊಟ ಮಾಡಲಿಲ್ಲ. ತಾಯಿ ನನ್ನಲ್ಲಿಗೆ ಬಂದು, "ಅಣ್ಣಾ, ನೀವೇ ಬಂದು ಅವನಿಗೆ ಒಂದು ಮಾತು ಹೇಳಿ" ಎಂದು ಕಣ್ಣೀರು ಹಾಕಿದರು. ನಾನು ಬೈಯಲೆಂದೇ ಹೋದೆ. "ಅಂಥಾದ್ದು ಏನಪ್ಪಾ ಇದೆ ಅದರಲ್ಲಿ?" ಎಂದು ಕೇಳಿದೆ. ಹುಡುಗ ತಲೆಯೆತ್ತಿ ನೋಡಿದ. "ಮಾಮಾ, ಎಲ್ಲರೂ ಬಿಡು ಬಿಡು ಅಂದರು. ಏನಿದೆ ಅಂತ ಯಾರೂ ಕೇಳಲಿಲ್ಲ" ಎಂದ. ನಾನು ಬೈಗುಳದಂತೆ ಆಡಿದ ಮಾತನ್ನು ಅವನು ನಿಜವಾದ ಪ್ರಶ್ನೆಯೆಂದು ತೆಗೆದುಕೊಂಡ. ನನಗೆ ನಾಚಿಕೆಯಾಯಿತು. ಅಂದಿನಿಂದ ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬಂದಿದ್ದೇನೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದಾಗಿ, ಇದು ನಿನ್ನೆ ಮೊನ್ನೆ ಹುಟ್ಟಿದ ಹುಚ್ಚಲ್ಲ. 1962ರಲ್ಲಿ ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಎಂಬವರೂ ಅವರ ಗೆಳೆಯರೂ ಬೀರುಗಳನ್ನು ಸಾಲಾಗಿ ನಿಲ್ಲಿಸಿದಂತಿದ್ದ ಒಂದು ಕಂಪ್ಯೂಟರಿನಲ್ಲಿ 'ಸ್ಪೇಸ್‌ವಾರ್' ಎಂಬ ಆಟವನ್ನು ಮಾಡಿದರು. ಎರಡು ಆಕಾಶನೌಕೆಗಳು, ನಡುವೆ ತನ್ನ ಕಡೆಗೆ ಎಳೆಯುವ ಒಂದು ನಕ್ಷತ್ರ, ಇಬ್ಬರು ಆಟಗಾರರು. ಹತ್ತು ವರ್ಷದ ಮೇಲೆ, 1972ರ ಅಕ್ಟೋಬರ್ 19ರಂದು, ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆ ಆಟದ ಪಂದ್ಯಾವಳಿ ನಡೆಯಿತು. ಗೆದ್ದವರಿಗೆ ಬಹುಮಾನ ಏನು ಗೊತ್ತೇ? ಒಂದು ಪತ್ರಿಕೆಗೆ ಒಂದು ವರ್ಷದ ಚಂದಾ, ಅಷ್ಟೇ! 2021ರಲ್ಲಿ 'ಡೋಟಾ 2' ಎಂಬ ಆಟದ ದೊಡ್ಡ ಪಂದ್ಯಾವಳಿಯಲ್ಲಿ ಬಹುಮಾನದ ಒಟ್ಟು ಮೊತ್ತ 4 ಕೋಟಿ ಡಾಲರು ದಾಟಿತು. ಆದರೆ ಒಂದು ಮಾತು ಮರೆಯಬೇಡಿ. ಹಣ ಬಂದದ್ದು ಆಮೇಲೆ. ಆಟದ ಸಂತೋಷ ಮೊದಲೇ ಇತ್ತು. ಆ ಸಂತೋಷ ಎಲ್ಲಿಂದ ಬರುತ್ತದೆ?

ಇದನ್ನು ವಿದ್ವಾಂಸರು ಕೂತು ವಿಚಾರಿಸಿದ್ದಾರೆ. 1980ರಲ್ಲಿ ಥಾಮಸ್ ಮಲೋನ್ ಎಂಬವರು ಶಾಲೆಯ ಮಕ್ಕಳನ್ನು ಕೇಳಿ, ಯಾವ ಆಟ ಏಕೆ ಇಷ್ಟ ಎಂದು ಪರೀಕ್ಷಿಸಿದರು. ಆಟದಲ್ಲಿ ಒಂದು ಸ್ಪಷ್ಟವಾದ ಗುರಿ ಇದೆಯೇ ಇಲ್ಲವೇ ಎಂಬುದೇ ಎಲ್ಲಕ್ಕಿಂತ ಮುಖ್ಯವೆಂದು ಕಂಡುಬಂತು. ಜೊತೆಗೆ ಮೂರು ಸಂಗತಿಗಳನ್ನು ಅವರು ಎತ್ತಿ ಹೇಳಿದರು: ಸವಾಲು, ಕಲ್ಪನೆ, ಕುತೂಹಲ. ಅಂದರೆ ಗೆಲ್ಲುತ್ತೇನೋ ಸೋಲುತ್ತೇನೋ ಎಂಬುದು ಮೊದಲೇ ಗೊತ್ತಿರಬಾರದು. ಗೊತ್ತಿದ್ದರೆ ಅದು ಆಟವಲ್ಲ, ಬರೀ ಕೆಲಸ.

ಸವಾಲು ಎಷ್ಟಿರಬೇಕು? ನಮ್ಮ ಕಬಡ್ಡಿಯನ್ನೇ ನೋಡಿ. ಆರನೆಯ ತರಗತಿಯ ಹುಡುಗರ ಎದುರು ಫ್ಯಾಕ್ಟರಿಯ ಗಂಡಸರನ್ನು ನಿಲ್ಲಿಸಿದರೆ ಇಬ್ಬರಿಗೂ ಬೇಸರ. ಸರಿಸಮರು ನಿಂತರೆ ಮಾತ್ರ ಅಂಗಳದ ಸುತ್ತ ಜನ ಸೇರುತ್ತಾರೆ. ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ್ದೂ ಇದನ್ನೇ: ಕೆಲಸ ಕೈಗೆ ಮೀರಿದರೆ ಭಯ, ತೀರಾ ಸುಲಭವಾದರೆ ಬೇಸರ, ಕೈಯ ಶಕ್ತಿಗೆ ತಕ್ಕ ಕಷ್ಟವಿದ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ 'ಸ್ಪೇಸ್ ಇನ್ವೇಡರ್ಸ್' ಎಂಬ ಆಟವನ್ನು ಮಾಡಿದಾಗ ಒಂದು ವಿಚಿತ್ರ ನಡೆಯಿತು. ಪರದೆಯ ಮೇಲಿನ ಶತ್ರುಗಳು ಸತ್ತು ಕಡಿಮೆಯಾದಂತೆ ಯಂತ್ರದ ಹೊರೆ ಇಳಿದು, ಉಳಿದ ಶತ್ರುಗಳು ತಾವಾಗಿಯೇ ಬೇಗ ಬೇಗ ಓಡತೊಡಗಿದವು. ಅದು ಯಂತ್ರದ ಮಿತಿಯಿಂದಾದದ್ದು. ಅವರು ಅದನ್ನು ತಿದ್ದಲಿಲ್ಲ, ಹಾಗೆಯೇ ಬಿಟ್ಟರು. ಆಟಗಾರನ ಕೈ ಪಳಗುವ ಹೊತ್ತಿಗೆ ಆಟವೂ ಗಟ್ಟಿಯಾಗುತ್ತಾ ಹೋಯಿತು. ಜನ ಮುಗಿಬಿದ್ದರು. 1980ರಲ್ಲಿ ಅಮೆರಿಕದಲ್ಲಿ ಆ ಆಟದ ಪಂದ್ಯಾವಳಿ ನಡೆದಾಗ 10,000ಕ್ಕಿಂತ ಹೆಚ್ಚು ಮಂದಿ ಆಡಿದರು. ಇಂದಿನ ಆಟಗಳು ಇದನ್ನೇ ಲೆಕ್ಕ ಹಾಕಿ ಮಾಡುತ್ತವೆ. ಪ್ರತಿಯೊಬ್ಬನ ಗೆಲುವು ಸೋಲು ಬರೆದಿಟ್ಟು, ಅವನಿಗೆ ಸರಿಸಮನಾದ ಎದುರಾಳಿಯನ್ನು ಹುಡುಕಿ ನಿಲ್ಲಿಸುತ್ತವೆ.

2006ರಲ್ಲಿ ರಯಾನ್, ರಿಗ್ಬಿ, ಪ್ರಿಬಿಲ್ಸ್ಕಿ ಎಂಬ ಮೂವರು ಇನ್ನೊಂದು ಬಗೆಯಲ್ಲಿ ಇದನ್ನು ತೋರಿಸಿದರು. ಮನುಷ್ಯನಿಗೆ ಆಟದಲ್ಲಿ ಮೂರು ಹಸಿವು ತೀರುತ್ತವೆ. ನನ್ನ ಇಷ್ಟದಂತೆ ನಾನು ನಡೆದೆ ಎಂಬುದು ಒಂದು. ನನ್ನ ಕೈಯಿಂದ ಆಯಿತು ಎಂಬುದು ಎರಡು. ನನ್ನ ಜೊತೆಗೆ ಒಬ್ಬರಿದ್ದಾರೆ ಎಂಬುದು ಮೂರು.

ಈಗ ನಮ್ಮ ಹುಡುಗನ ಉತ್ತರವನ್ನು ಕೇಳಿ. ಅವನು ಆಡುವ ಆಟದಲ್ಲಿ 100 ಮಂದಿ ಒಂದು ದ್ವೀಪಕ್ಕೆ ಇಳಿಯುತ್ತಾರೆ. ನಾಲ್ವರದು ಒಂದು ತಂಡ. ನಿಲ್ಲಲು ಕ್ಷೇಮವಾದ ಜಾಗ ಕಿರಿದಾಗುತ್ತಾ ಬರುತ್ತದೆ. ಕೊನೆಗೆ ಉಳಿದ ತಂಡ ಗೆದ್ದಂತೆ. ಅವನ ತಂಡದಲ್ಲಿ ಒಬ್ಬ ಮೇಲಿನ ಡಿವಿಜನ್ನಿನವನು, ಇಬ್ಬರು ಪೇಟೆಯ ಹುಡುಗರು. "ಅಲ್ಲಿ ನಾನು ಲೈನಿನ ಹುಡುಗ ಅಂತ ಯಾರಿಗೂ ಗೊತ್ತಿಲ್ಲ ಮಾಮಾ. ನಾನು ದಾರಿ ಹೇಳುತ್ತೇನೆ, ಅವರು ಕೇಳುತ್ತಾರೆ" ಎಂದ. ಈ ಮಾತು ನನಗೆ ಆ ರಾತ್ರಿ ನಿದ್ದೆ ಕೊಡಲಿಲ್ಲ. ಶಾಲೆಯಲ್ಲಿ ಅವನ ಮಾತನ್ನು ಕೇಳುವವರು ಎಷ್ಟು ಮಂದಿ? ನಮ್ಮ ಮನೆಯಲ್ಲಿ, ನಮ್ಮ ಸಂಘದಲ್ಲಿ ಎಷ್ಟು ಮಂದಿ?

ನಾವೂ ಯೋಚಿಸೋಣ. ಎಲೆ ಕಿತ್ತು ತೂಕಕ್ಕೆ ತಂದಾಗ ನಾವೆಲ್ಲ ಏಕೆ ತಕ್ಕಡಿಯನ್ನೇ ನೋಡುತ್ತೇವೆ? ದಿನವಿಡೀ ಬೆನ್ನು ಬಗ್ಗಿಸಿದ್ದಕ್ಕೆ ಸರಿಯಾದ ಲೆಕ್ಕ ಕಾಣಬೇಕು. ಆಟದಲ್ಲಿ ಹುಡುಗ ಮಾಡಿದ್ದಕ್ಕೆ ಆ ಕ್ಷಣವೇ ಲೆಕ್ಕ ಕಾಣುತ್ತದೆ. ಸೋತರೆ ಏಕೆ ಸೋತೆ ಎಂದು ಗೊತ್ತಾಗುತ್ತದೆ. ಮತ್ತೆ ಮೊದಲಿನಿಂದ ಆಡಬಹುದು. ನಮ್ಮ ಬದುಕಿನಲ್ಲಿ ಒಂದು ಪರೀಕ್ಷೆ ತಪ್ಪಿದರೆ ಅಷ್ಟು ಸುಲಭವಾಗಿ ಇನ್ನೊಂದು ಅವಕಾಶ ಸಿಗುವುದಿಲ್ಲ.

ಒಳ್ಳೆಯ ಆಟಗಾರ ಹೇಗಿರುತ್ತಾನೆಂದು ಒಂದು ಉದಾಹರಣೆ ಹೇಳುತ್ತೇನೆ. 2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 'ಇವೊ' ಎಂಬ ಪಂದ್ಯಾವಳಿ. ಆಟ 'ಸ್ಟ್ರೀಟ್ ಫೈಟರ್'. ಜಪಾನಿನ ದೈಗೊ ಉಮೆಹರಾ ಒಂದು ಕಡೆ, ಅಮೆರಿಕದ ಜಸ್ಟಿನ್ ವಾಂಗ್ ಇನ್ನೊಂದು ಕಡೆ. ದೈಗೊ ಆಡಿಸುತ್ತಿದ್ದ ಬೊಂಬೆಗೆ ಜೀವ ಕೂದಲೆಳೆಯಷ್ಟು ಮಾತ್ರ ಉಳಿದಿತ್ತು. ಸುಮ್ಮನೆ ಕೈ ಅಡ್ಡ ಹಿಡಿದರೂ ಸಾಯುವ ಸ್ಥಿತಿ. ವಾಂಗ್ ಒಂದರ ಮೇಲೊಂದು 15 ಒದೆಗಳ ಹೊಡೆತವನ್ನು ಬಿಟ್ಟರು. ಹೊಡೆತ ತಗಲುವ ಆ ಕ್ಷಣಕ್ಕೇ ಸರಿಯಾಗಿ ಹಿಡಿಕೆಯನ್ನು ಎದುರಾಳಿಯ ಕಡೆಗೆ ಒತ್ತಿದರೆ ಮಾತ್ರ ಅದನ್ನು ತಪ್ಪಿಸಬಹುದು. ದೈಗೊ ಹದಿನೈದನ್ನೂ ತಪ್ಪಿಸಿ, ತಿರುಗಿ ಹೊಡೆದು ಗೆದ್ದರು. ಸುತ್ತಲಿದ್ದವರು ಎದ್ದು ಕೂಗಿದ ಕೂಗು ಆ ಚಿತ್ರದಲ್ಲಿ ಇಂದಿಗೂ ಕೇಳುತ್ತದೆ. ಆದರೆ ಮುಂದಿನದನ್ನು ಹೆಚ್ಚು ಜನ ಹೇಳುವುದಿಲ್ಲ: ಆ ಪಂದ್ಯಾವಳಿಯ ಫೈನಲ್ಲಿನಲ್ಲಿ ದೈಗೊ ಸೋತರು. ಪ್ರಶಸ್ತಿ ಬೇರೆಯವರಿಗೆ ಹೋಯಿತು. ಜನ ನೆನಪಿಟ್ಟುಕೊಂಡದ್ದು ಆ ಕೈಚಳಕವನ್ನು.

ಹಾಗಾದರೆ ಎಲ್ಲವೂ ಒಳ್ಳೆಯದೇ? ಇಲ್ಲ. ಈಗ ಎಚ್ಚರಿಕೆಯ ಮಾತು. ಮಕ್ಕಳೇ, ಇದು ನಿಮಗೂ ಸೇರಿದ್ದು.

ದಕ್ಷಿಣ ಕೊರಿಯಾ ಈ ಪಂದ್ಯಗಳ ತವರು. 1998ರಲ್ಲಿ ಬಂದ 'ಸ್ಟಾರ್‌ಕ್ರಾಫ್ಟ್' ಎಂಬ ಆಟ ಅಲ್ಲಿ ಮನೆಮಾತಾಯಿತು. ಅದರಲ್ಲಿ ಮೂರು ಸೈನ್ಯಗಳು. ಒಂದರಂತೆ ಇನ್ನೊಂದಿಲ್ಲ, ಆದರೂ ಯಾವುದನ್ನು ಹಿಡಿದರೂ ಗೆಲ್ಲಬಹುದು. ಬೀದಿ ಬೀದಿಯ ಕಂಪ್ಯೂಟರ್ ಅಂಗಡಿಗಳಲ್ಲಿ ಹುಡುಗರು ಆಡಿದರು, ಟಿ.ವಿ.ಯಲ್ಲಿ ಪಂದ್ಯಗಳು ಬಂದವು, 2000ದಲ್ಲಿ ಅದಕ್ಕೊಂದು ಸಂಘವೇ ಆಯಿತು. 2010ರಲ್ಲಿ ಅಲ್ಲಿ ದೊಡ್ಡ ಹಗರಣ ಬಯಲಾಯಿತು. ಜೂಜುಕೋರರಿಂದ ಹಣ ಪಡೆದು ಕೆಲವು ಆಟಗಾರರು ಬೇಕೆಂದೇ ಸೋತಿದ್ದರು. ಅವರಲ್ಲಿ ಹೆಸರಾಂತ ಆಟಗಾರರೂ ಇದ್ದರು. ಅವರನ್ನು ಶಾಶ್ವತವಾಗಿ ಹೊರಗೆ ಹಾಕಿದರು. ತಕ್ಕಡಿಯೇ ಸುಳ್ಳು ಹೇಳಿದರೆ ಕೀಳುವವರಿಗೆ ಕೆಲಸದ ಮೇಲೆ ಮನಸ್ಸು ನಿಲ್ಲುತ್ತದೆಯೇ? ಅಲ್ಲಿಯೂ ಹಾಗೆಯೇ ಆಯಿತು. ನೋಡುವವರ ನಂಬಿಕೆ ಮುರಿಯಿತು.

ಆದುದರಿಂದ ಆಟ ಬೇರೆ, ಜೂಜು ಬೇರೆ. ಆಟದಲ್ಲಿ ಕೈಯ ಅಭ್ಯಾಸಕ್ಕೆ ಫಲ. ಜೂಜಿನಲ್ಲಿ ಹಣ ಹಾಕಿ ಅದೃಷ್ಟಕ್ಕೆ ಕಾಯುವುದು. ಇವೆರಡರ ನಡುವೆ ಬೇಲಿ ತೆಳುವಾಗಿದೆ. ಕೆಲವು ಆಟಗಳಲ್ಲಿ ಹಣ ಕೊಟ್ಟರೆ ಮುಚ್ಚಿದ ಪೆಟ್ಟಿಗೆ ಸಿಗುತ್ತದೆ, ಒಳಗೆ ಏನಿದೆಯೋ ತೆರೆದ ಮೇಲೆಯೇ ಗೊತ್ತು. 2018ರಲ್ಲಿ ಬೆಲ್ಜಿಯಂ ದೇಶ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಎಣಿಸಿತು. ನಮ್ಮ ದೇಶದಲ್ಲಿ 2025ರ ಆಗಸ್ಟಿನಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ. ಕೌಶಲದ ಪಂದ್ಯಗಳಾದ ಇ-ಸ್ಪೋರ್ಟ್ಸ್‌ಗಳನ್ನು ಕ್ರೀಡೆಯೆಂದು ಮನ್ನಿಸುತ್ತದೆ. ಯಾರಾದರೂ "ನೂರು ರೂಪಾಯಿ ಕಟ್ಟು, ಸಾವಿರ ಬರುತ್ತದೆ" ಎಂದು ಮೊಬೈಲಿನಲ್ಲಿ ಕರೆದರೆ ಹೋಗಬೇಡಿ. ಅಪ್ಪನ ಬ್ಯಾಂಕಿನ ಗುಪ್ತ ಸಂಖ್ಯೆ ಆಟಕ್ಕೆ ಕೊಡುವ ವಸ್ತುವಲ್ಲ.

"ನಾನು ಆಟಗಾರನೇ ಆಗುತ್ತೇನೆ, ಶಾಲೆ ಬೇಡ" ಎನ್ನುವ ಮಕ್ಕಳೂ ಇದ್ದಾರೆ. ಪಂದ್ಯಗಳಿಗೆ ಗೌರವ ಬಂದಿರುವುದು ನಿಜ. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನವಾಗಿ ಇವನ್ನು ಆಡಿಸಿದಾಗ ನಮ್ಮ ದೇಶದ ತೀರ್ಥ್ ಮೆಹ್ತಾ ಕಂಚು ಗೆದ್ದರು. 2023ರಲ್ಲಿ ಚೀನದ ಹಾಂಗ್‌ಝೌನಲ್ಲಿ ಮೊದಲ ಬಾರಿಗೆ ಪದಕಗಳು ಲೆಕ್ಕಕ್ಕೆ ಬಂದವು. ಆದರೆ ಕ್ರಿಕೆಟ್ ಆಡುವ ಹುಡುಗರೆಲ್ಲ ದೇಶದ ತಂಡಕ್ಕೆ ಹೋಗುತ್ತಾರೆಯೇ? ಇಲ್ಲಿಯೂ ಲಕ್ಷದಲ್ಲಿ ಒಬ್ಬರಿಗೆ ಅನ್ನ. ಎಸ್.ಎಸ್.ಎಲ್.ಸಿ. ಕೈಯಲ್ಲಿರಲಿ, ಆಟ ಜೊತೆಗಿರಲಿ.

ತಾಯಿತಂದೆಯರೇ, ಆಟ ಯಾವಾಗ ರೋಗವಾಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ಅಳತೆ ಕೊಟ್ಟಿದೆ. 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಊಟ ನಿದ್ದೆ ಓದು ಎಲ್ಲಕ್ಕಿಂತ ಆಟವೇ ಮುಂದಾಗುವುದು, ಕೆಡುಕು ಕಂಡರೂ ಬಿಡಲಾಗದಿರುವುದು. ಇದು ಬದುಕನ್ನೇ ಕೆಡಿಸುವಂತಾಗಿ, ಸಾಮಾನ್ಯವಾಗಿ 12 ತಿಂಗಳು ಮುಂದುವರಿದಾಗ ಅದನ್ನು ಕಾಯಿಲೆ ಎನ್ನುತ್ತಾರೆ. ಒಂದು ರಾತ್ರಿ ಹೊತ್ತು ಮೀರಿ ಆಡಿದ ಹುಡುಗ ರೋಗಿಯಲ್ಲ. ನಿಜವಾದ ಕಾಯಿಲೆಯೆನಿಸಿದರೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2014ರಲ್ಲಿ ಇದಕ್ಕೆಂದೇ ತೆರೆದ ಚಿಕಿತ್ಸಾಲಯವಿದೆ. ಅಷ್ಟು ದೂರ ಹೋಗಲಾಗದವರು 14416ಕ್ಕೆ ಫೋನು ಮಾಡಬಹುದು. ಅದು ಸರಕಾರದ ಟೆಲಿ-ಮಾನಸ್, ದುಡ್ಡಿಲ್ಲ.

ಕೊರಿಯಾದಲ್ಲಿ 2011ರಲ್ಲಿ ಒಂದು ಕಾನೂನು ಮಾಡಿದರು: 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಆನ್‌ಲೈನ್ ಆಟ ಆಡಬಾರದು. ಹತ್ತು ವರ್ಷ ನಡೆಸಿ, 2022ರ ಆರಂಭದಿಂದ ಅದನ್ನು ಕೈಬಿಟ್ಟು, ಹೊತ್ತು ಗೊತ್ತುಮಾಡುವುದನ್ನು ಮನೆಯವರಿಗೂ ಮಕ್ಕಳಿಗೂ ಬಿಟ್ಟರು. ಕೊನೆಗೆ ಗಡಿಯಾರ ಬಂದು ನಿಂತದ್ದು ಮನೆಯ ಗೋಡೆಗೇ.

ನಮ್ಮ ಲೈನಿನ ಆ ಮನೆಯಲ್ಲಿ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಮೊಬೈಲಿನ ಗಾಜು ಹಾಕಿಸಿದರು. ಅಪ್ಪ, ಅಮ್ಮ, ಮಗ, ನಾನು ಕೂತು ಮಾತಾಡಿದೆವು, ಸಂಘದಲ್ಲಿ ಒಪ್ಪಂದ ಮಾಡುವ ಹಾಗೆ. ಆಗ ಒಂದು ವಿಷಯ ತಿಳಿಯಿತು. ಆ ಆಟದ ಒಂದು ಪಂದ್ಯ ಮುಗಿಯಲು ಸುಮಾರು ಅರ್ಧ ಗಂಟೆ ಬೇಕು. ನಡುವೆ ಎದ್ದರೆ ಜೊತೆಗಿನ ಮೂವರನ್ನು ಕೈಬಿಟ್ಟಂತೆ. ಅಪ್ಪ ಕಿತ್ತುಕೊಂಡದ್ದು ಪಂದ್ಯದ ನಡುವೆ. ಹುಡುಗನ ಕೋಪ ಮೊಬೈಲಿಗಿಂತ ಹೆಚ್ಚಾಗಿ ಆ ಮೂವರಿಗಾಗಿ ಇತ್ತು. "ಮುಷ್ಕರದ ನಡುವೆ ಒಬ್ಬ ಎದ್ದು ಹೋದರೆ ಹೇಗೋ ಹಾಗೆ" ಎಂದು ನಾನು ಹೇಳಿದಾಗ ಅಪ್ಪ ತಲೆ ತುರಿಸಿಕೊಂಡರು.

ಹೀಗೆ ಒಪ್ಪಿದರು: ಓದು ಮುಗಿದ ಮೇಲೆ ದಿನಕ್ಕೆ ಎರಡು ಪಂದ್ಯ. ಒಂಬತ್ತೂವರೆಯ ಮೇಲೆ ಹೊಸ ಪಂದ್ಯ ಶುರುಮಾಡಬಾರದು. ಶುರುವಾದದ್ದನ್ನು ಅಪ್ಪ ನಡುವೆ ನಿಲ್ಲಿಸಬಾರದು. ಹಣದ ಆಟ ಇಲ್ಲವೇ ಇಲ್ಲ. ವಾರಕ್ಕೊಮ್ಮೆ ಅಪ್ಪ ಪಕ್ಕದಲ್ಲಿ ಕೂತು ಒಂದು ಪಂದ್ಯ ನೋಡಬೇಕು. ಈ ಕೊನೆಯದು ಹುಡುಗನೇ ಕೇಳಿದ್ದು.

ಮೂರು ವಾರವಾಯಿತು. ಎರಡು ಸಲ ಹುಡುಗ ಮಾತು ಮುರಿದ, ಒಂದು ಸಲ ಅಪ್ಪ ಮುರಿದರು. ಆದರೂ ಮನೆಯಲ್ಲಿ ಮಾತು ನಡೆಯುತ್ತಿದೆ. ಮೊನ್ನೆ ತೂಕದ ಹೊತ್ತಿನಲ್ಲಿ ಆ ತಂದೆ ನನ್ನ ಬಳಿ ಬಂದು, "ಅಣ್ಣಾ, ನಮ್ಮ ಹುಡುಗ ಚೆನ್ನಾಗಿ ದಾರಿ ಹೇಳುತ್ತಾನೆ" ಎಂದರು. ನೀವೂ ಇವತ್ತು ಮನೆಗೆ ಹೋಗಿ ನಿಮ್ಮ ಮಕ್ಕಳನ್ನು ಕೇಳಿ, ಅದರಲ್ಲಿ ಏನಿದೆ ಎಂದು. ಬೈಯುವ ದನಿಯಲ್ಲಿ ಬೇಡ. ಕೇಳಿ, ಉತ್ತರ ಮುಗಿಯುವವರೆಗೆ ಕಾಯಿರಿ.