ರಿಜೆಕ್ಟ್ ಆದ ಬೀಡಿ ತಂದ ಪಿಂಚಣಿ

ಮುಪ್ಪಿನ ಬಗ್ಗೆ ನಾಲ್ಕು ಮಾತಾಡಿ ಎಂದು ಕರೆದಿದ್ದಾರೆ. ಮಣಿಪಾಲದಲ್ಲಿ ಪಾಠ ಹೇಳುತ್ತ, ಬಿಡುವಿದ್ದಾಗ ಪ್ರಶ್ನಾವಳಿ ಹಿಡಿದು ಕಾಪು, ಕಾರ್ಕಳದ ಕಡೆ ಮನೆಮನೆ ಸುತ್ತುತ್ತ ನನ್ನ ತಲೆಯೂ ನರೆಯಿತು. ಇವತ್ತು ಮಂಡಿನೋವು, ಮರೆವಿನ ಸುದ್ದಿ ಎತ್ತುವುದಿಲ್ಲ. ಬೀಡಿಯ ಸುದ್ದಿ ಹೇಳುತ್ತೇನೆ. ಬೀಡಿ ಬ್ರಾಂಚಿನ ಮೆಟ್ಟಿಲು ಹತ್ತದೆ ಉಡುಪಿ ಜಿಲ್ಲೆಯ ಮುಪ್ಪಿನ ಚರಿತ್ರೆ ಬರೆಯುತ್ತೇನೆ ಅಂದರೆ ನಾನಂತೂ ಒಪ್ಪುವವನಲ್ಲ.

ಹಿಂದಿನದ್ದನ್ನು ಬೇಗ ಮುಗಿಸಿಬಿಡೋಣ. ಅಳಿಯಸಂತಾನದ ಕಾಲದಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದುಬರುತ್ತಿತ್ತು. ಕುಟುಂಬದ ಮನೆಯಲ್ಲಿ ವಯಸ್ಸಾದ ಹೆಂಗಸಿಗೆ ಒಂದು ಮೂಲೆ, ಎರಡು ಹೊತ್ತಿನ ಗಂಜಿ, ಮಾತಿಗೊಂದು ತೂಕ ಇರುತ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲು ಕೇಳುವ ಹಕ್ಕು ಕೊಟ್ಟಿತು, ದೊಡ್ಡ ಮನೆಗಳು ಒಡೆದವು. ಅದನ್ನು ನೆನೆದು ಕಣ್ಣೀರು ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಆಸ್ತಿ ಇದ್ದ ಮನೆಯ ಅಜ್ಜಿಗೆ ಆ ಆಸರೆ ಇತ್ತು, ಸರಿ. ಗೇಣಿಗೆ ಗದ್ದೆ ಮಾಡುತ್ತಿದ್ದ ಮನೆಯ ಅಜ್ಜಿಗೆ ರಟ್ಟೆಯಲ್ಲಿ ಬಲ ಇರುವವರೆಗೆ ನೇಜಿ ನೆಡುವುದಿತ್ತು, ಅಷ್ಟೆ.

ಈ ಬಡವರನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಂಡವರಲ್ಲಿ ಡಾ. ಟಿ.ಎಂ.ಎ. ಪೈ ಒಬ್ಬರು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವರ ಜೊತೆ ಸೇರಿ ಅವರು ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಶುರುವಾಯಿತು. ದಿನಕ್ಕೆ ಎರಡಾಣೆ ಸಾಕು, ಏಜೆಂಟರೇ ಮನೆ ಬಾಗಿಲಿಗೆ ಬಂದು ವಸೂಲಿ ಮಾಡಿಕೊಂಡು ಹೋಗುತ್ತಿದ್ದರು. ಒಳ್ಳೆಯ ಯೋಜನೆಯೇ. ಆದರೆ ಪೂರ್ತಿ ದುಡ್ಡು ಉಳಿಸುವವರದ್ದೇ. ದುಡಿಸಿಕೊಂಡವರ ಪಾಲು ಅದರಲ್ಲಿ ಬಿಡಿಕಾಸೂ ಇರಲಿಲ್ಲ.

ಧಣಿಯ ಪಾಲನ್ನೂ ಸೇರಿಸಬೇಕು ಎಂಬ ಕ್ರಮವನ್ನು ಜರ್ಮನಿಯಲ್ಲಿ ಬಿಸ್ಮಾರ್ಕ್ 1889ರಲ್ಲೇ ಕಾನೂನು ಮಾಡಿದ್ದ. ನಮ್ಮ ಪ್ರಾವಿಡೆಂಟ್ ಫಂಡ್ ಕಾಯಿದೆ 1952ರದ್ದು. ಗಿರಣಿಗೆ, ಕಾರ್ಖಾನೆಗೆ ಅದು ಸುಲಭ, ಅಲ್ಲಿ ಗೇಟು ಇದೆ, ಹಾಜರಿ ಇದೆ, ಧಣಿ ಯಾರೆಂದು ಎಲ್ಲರಿಗೂ ಗೊತ್ತು. ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸಿಗೆ ಧಣಿ ಯಾರು, ಮಾರಾಯ್ರೆ?

ಈ ಪ್ರಶ್ನೆ ಎಂಥ ಗಂಟು ಅಂತ ತಿಳಿಯಬೇಕಾದರೆ ಕೆಲಸ ನಡೆಯುವ ಕ್ರಮ ನೋಡಬೇಕು. ಕಂಪೆನಿಯವರು ಎಲೆ, ಹೊಗೆಸೊಪ್ಪು, ನೂಲನ್ನು ಕಂಟ್ರಾಕ್ಟುದಾರನಿಗೆ ಕೊಡುತ್ತಾರೆ. ಅವನ ಬ್ರಾಂಚಿನಿಂದ ಹೆಂಗಸರು ಮನೆಗೆ ತರುತ್ತಾರೆ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಕೂತರೆ ಆಯಿತು: ಒಂದು ಚಿಟಿಕೆ ಪುಡಿ ಉದುರಿಸು, ಸುತ್ತು, ಬಾಯಿ ಮಡಚು, ನೂಲು ಬಿಗಿ. ನಡುವೆ ಒಲೆಯ ಮೇಲಿನ ಅನ್ನ, ತೊಟ್ಟಿಲ ಮಗು, ಶಾಲೆಯಿಂದ ಬರುವ ಮಕ್ಕಳು. ಕಟ್ಟು ಮಾಡಿ ಬ್ರಾಂಚಿಗೆ ಒಯ್ದರೆ ಅಲ್ಲೊಬ್ಬ ಚೆಕ್ ಮಾಡುತ್ತಾನೆ. ಇದು ಸಡಿಲ, ಇದು ಗಿಡ್ಡ, ಇದು ರಿಜೆಕ್ಟ್. ಸಾವಿರಕ್ಕೆ ಇಷ್ಟು ಎಂದು ಮಜೂರಿ, ರಿಜೆಕ್ಟ್ ಆದದ್ದಕ್ಕೆ ಸೊನ್ನೆ. ಈ ಕಡೆಯ ಯಾವ ಅಕ್ಕನನ್ನು ಮಾತಾಡಿಸಿದರೂ ಮೊದಲು ಹೊರಬೀಳುವ ಸಿಟ್ಟು ಅದೇ.

1966ರಲ್ಲಿ ಬೀಡಿ ಕಾರ್ಮಿಕರಿಗೆಂದೇ ಕಾನೂನು ಬಂತು. ಕೇರಳದಲ್ಲಿ ಅದು ಜಾರಿಗೆ ಬರುತ್ತಲೇ ಮಂಗಳೂರಿನ ಗಣೇಶ್ ಬೀಡಿಯವರು ಕಣ್ಣೂರಿನ ಕೆಲಸ ನಿಲ್ಲಿಸಿದರು. ಕೆಲಸ ಕಳಕೊಂಡವರು 1969ರಲ್ಲಿ ಸಹಕಾರಿ ದಿನೇಶ್ ಬೀಡಿ ಕಟ್ಟಿದರು. ಅದರ ಕತೆಗೇ ಇನ್ನೊಂದು ದಿನ ಬೇಕು. ಗಣೇಶ್ ಬೀಡಿಯವರ ಹೆಸರಿನಲ್ಲೇ ನಡೆದ ಕೇಸಿನಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು.

1977ರಲ್ಲಿ ಪಿ.ಎಫ್. ಬೀಡಿ ಉದ್ಯಮಕ್ಕೂ ಅನ್ವಯವಾದಾಗ ಕಂಪೆನಿಗಳು ಮತ್ತೆ ಕೋರ್ಟಿಗೆ ಹೋದವು. ಮನೆಯಲ್ಲಿ ಕೂತು ಕಟ್ಟುವವರು ನಮ್ಮ ನೌಕರರೇ ಅಲ್ಲ, ಅವರ ಕೆಲಸದ ಮೇಲೆ ನಮಗೆ ಹತೋಟಿಯೇ ಇಲ್ಲ ಎಂಬ ವಾದ. 1985ರ ಸೆಪ್ಟೆಂಬರಿನಲ್ಲಿ, ಪಿ.ಎಂ. ಪಟೇಲ್ ಆಂಡ್ ಸನ್ಸ್ ಕೇಸಿನಲ್ಲಿ, ಸುಪ್ರೀಂ ಕೋರ್ಟು ಕೊಟ್ಟ ಉತ್ತರ ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಬೀಡಿ ಸುತ್ತುವಂಥ ಕೆಲಸಕ್ಕೆ ಯಾರೂ ಪಕ್ಕದಲ್ಲಿ ನಿಂತು ನೋಡಬೇಕಾಗಿಲ್ಲ. ಸರಿಯಿಲ್ಲದ ಬೀಡಿಯನ್ನು ಬೇಡ ಎನ್ನುವ ಅಧಿಕಾರ ಇದೆಯಲ್ಲ, ಹತೋಟಿ ಅನ್ನಲು ಅದೇ ಸಾಕು. ಮನೆಯಲ್ಲಿ ಕಟ್ಟುವವರೂ ನೌಕರರೇ, ಪಿ.ಎಫ್. ಕೊಡಲೇಬೇಕು. ತೀರ್ಪಿನ ಸಾರ ಇದು.

ನೋಡಿ, ಯಾವ ರಿಜೆಕ್ಟ್ ಇವರ ಮಜೂರಿ ಕತ್ತರಿಸುತ್ತಿತ್ತೋ ಅದೇ ಇವರ ಪರವಾಗಿ ಸಾಕ್ಷಿ ಹೇಳಿತು! ನಮ್ಮ ಹೆಂಗಸರ ಮುಪ್ಪಿನ ಬಗ್ಗೆ ಎಷ್ಟೋ ವರದಿ ಓದಿದ್ದೇನೆ, ಇಷ್ಟು ಖುಷಿ ಕೊಟ್ಟ ಪುಟ ಇನ್ನೊಂದಿಲ್ಲ.

ಮುಂದಿನದ್ದಕ್ಕೆ ಅಷ್ಟು ಖುಷಿ ಪಡುವ ಹಾಗಿಲ್ಲ. 1995ರ ನವೆಂಬರಿನಲ್ಲಿ ಪಿ.ಎಫ್. ಜೊತೆ ಪಿಂಚಣಿಯೂ ಸೇರಿತು. ಹತ್ತು ವರ್ಷ ಸೇವೆ ಇದ್ದವರಿಗೆ 58 ತುಂಬಿದ ಮೇಲೆ ಪಿಂಚಣಿ. ಲೆಕ್ಕ ಸಂಬಳದ ಮೇಲೆ: ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. ಪಿಂಚಣಿಗೆ ಹಿಡಿಯುವ ಸಂಬಳ 2,000 ರೂಪಾಯಿ, ಸೇವೆ 14 ವರ್ಷ ಎಂದರೆ ತಿಂಗಳಿಗೆ ಬರುವುದು 400. ಮಜೂರಿ ಕಮ್ಮಿ ಇದ್ದರೆ ಮುಪ್ಪೂ ಕಮ್ಮಿಯದ್ದೇ. 2014ರಲ್ಲಿ ಕನಿಷ್ಠ ಪಿಂಚಣಿ 1,000 ಎಂದು ಮಾಡಿದರು. ಆಮೇಲೆ ಅಕ್ಕಿ, ಮೀನು, ಮದ್ದಿನ ದರ ಏರುತ್ತ ಹೋಯಿತು, ಆ ಸಾವಿರ ವರ್ಷಗಟ್ಟಲೆ ಸಾವಿರವಾಗಿಯೇ ಉಳಿಯಿತು. ಕೇಂದ್ರದ ವೃದ್ಧಾಪ್ಯ ವೇತನದ್ದೂ ಅದೇ ಪಾಡು. 1995ರಲ್ಲಿ 75 ರೂಪಾಯಿ, 2006ರಲ್ಲಿ 200, ಆಮೇಲೆ ಎಂಬತ್ತರ ಕೆಳಗಿನವರಿಗೆ ಆ ಇನ್ನೂರು ಹಂದಾಡಲಿಲ್ಲ. 2007ರ ಸಂಧ್ಯಾ ಸುರಕ್ಷಾದಲ್ಲಿ ರಾಜ್ಯವೂ ಕೈಜೋಡಿಸಿದ್ದರಿಂದ ಅಷ್ಟಿಷ್ಟು ಉಸಿರಾಯಿತು.

ಮುಪ್ಪನ್ನು ಅಧ್ಯಯನ ಮಾಡುವ ನಮ್ಮ ವಿದ್ಯೆಯ ಕೊರತೆಯನ್ನೂ ಹೇಳಬೇಕು. ದೇಶದ ದೊಡ್ಡ ಮುಪ್ಪಿನ ಸಮೀಕ್ಷೆಯ ಪ್ರಯೋಗ 2010ರಲ್ಲಿ ನಾಲ್ಕು ರಾಜ್ಯಗಳಲ್ಲಿ ನಡೆಯಿತು, ಅದರಲ್ಲಿ ಕರ್ನಾಟಕವೂ ಒಂದು. ಅಲ್ಲಿ ಮಾತಾಡಿಸುವುದು 45 ದಾಟಿದವರನ್ನು. ಅರವತ್ತರವರೆಗೆ ಕಾಯದೆ ಮೊದಲೇ ಕೇಳಿದ್ದು ಒಳ್ಳೆಯದೇ. ಆದರೆ ಹದಿನೈದಕ್ಕೇ ತಡ್ಪೆ ಹಿಡಿದವಳ ಮುಪ್ಪು ಆ ಹದಿನೈದರಲ್ಲೇ ನಿರ್ಧಾರವಾಗಿರುತ್ತದೆ: ಹೆಸರು ಪುಸ್ತಕಕ್ಕೆ ಏರಿತೋ ಇಲ್ಲವೋ, ಅವಳು ಕಟ್ಟಿದ್ದು ಅತ್ತೆಯ ಹೆಸರಿನಲ್ಲಿ ಹೋಯಿತೋ ತನ್ನದೇ ಹೆಸರಿನಲ್ಲೋ.

ಅದಕ್ಕೇ ಕೇಳುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಬೀಡಿ ಕಟ್ಟಿದ ಹಿರಿಯರಿದ್ದರೆ ಅವರ ಪಿ.ಎಫ್. ದಾಖಲೆಯನ್ನೂ ಆಧಾರ್ ಕಾರ್ಡನ್ನೂ ಜೊತೆಗಿಟ್ಟು ಹೆಸರು, ಹುಟ್ಟಿದ ದಿನ ತಾಳೆಯಾಗುತ್ತದೆಯೇ ನೋಡಿ. ಪಿಂಚಣಿ ಬರುವವರು ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಎಂಬ ಪ್ರಮಾಣಪತ್ರ ಕೊಡಬೇಕು. ದುಡಿದು ಸವೆದ ಬೆರಳನ್ನು ಯಂತ್ರ ಗುರುತು ಹಿಡಿಯದಿದ್ದರೆ ಅಷ್ಟಕ್ಕೇ ವಾಪಸು ಬರಬೇಡಿ, ಈಗ ಮುಖ ತೋರಿಸಿ ಮಾಡಿಸುವ ಕ್ರಮವೂ ಇದೆ, ಅದನ್ನು ಕೇಳಿ. ಕೋರ್ಟು ಹತ್ತಿ ಗೆದ್ದ ದುಡ್ಡು ಅದು, ಒಂದು ತಿಂಗಳದ್ದೂ ತಪ್ಪಬಾರದು.